ಟೊಳ್ಳು ಕೊಳವೆಯೊಳಗಿನ ಅಲೆ

ಜಾಲಹಳ್ಳಿಯ ಬಿಇಎಲ್ ಸರ್ಕಲ್ ದಾಟುವ ಬಸ್ಸಿನಲ್ಲಿ ಕುಳಿತವರಿಗೆ ಕಾಣುವುದು ಕಾಂಪೌಂಡು, ಗೇಟು, ಪಾಳಿ ಮುಗಿಸಿ ಹೊರಬರುವ ಜನ. 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ನೆರವಿನಿಂದ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, ರೇಡಿಯೋ ಯಂತ್ರಗಳಿಂದ ರೇಡಾರ್‌ವರೆಗೆ ಬೆಳೆಯಿತು. ಅದೇ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜೂ ಇದೆ. ಈ ಎರಡಕ್ಕೂ ಅಡಿಪಾಯವಾಗಿರುವುದು ಕಾಲೇಜಿನ ಒಂದೇ ಒಂದು ವಿಷಯ: ವಿದ್ಯುತ್ಕಾಂತೀಯ ಸಿದ್ಧಾಂತ. ಹೆಸರು ಕೇಳಿದೊಡನೆ ಎಂಜಿನಿಯರಿಂಗ್ ಓದಿದ ಎಷ್ಟೋ ಮಂದಿಯ ಮುಖ ಸಪ್ಪಗಾಗುತ್ತದೆ!

ಯಾಕೆ ಈ ಭಯ? ಸರ್ಕ್ಯೂಟ್ ಪಾಠದಲ್ಲಿ ತಂತಿಯಿದೆ, ಬಲ್ಬಿದೆ. ಲೆಕ್ಕ ತಪ್ಪಿದರೂ ತಂತಿ ಕಣ್ಣಿಗೆ ಕಾಣುತ್ತದೆ. ಇಲ್ಲಿ ಇರುವುದು ಬರೀ ಕ್ಷೇತ್ರ. ಖಾಲಿ ಜಾಗದ ಪ್ರತಿ ಬಿಂದುವಿಗೂ ಒಂದು ಬಲ, ಒಂದು ದಿಕ್ಕು. ಅದನ್ನು ಹಿಡಿಯಲು ಡೈವರ್ಜೆನ್ಸ್, ಕರ್ಲ್ ಎಂಬ ಎರಡು ಗಣಿತದ ಸಾಧನಗಳು ಬೇಕು. ಹೊಲದ ಕಾಲುವೆಯನ್ನು ನೆನೆಸಿಕೊಳ್ಳಿ. ತಳದಲ್ಲಿ ಬುಗ್ಗೆಯಿದ್ದರೆ ನೀರು ಅಲ್ಲಿಂದ ಸುತ್ತಲೂ ಹೊಮ್ಮುತ್ತದೆ. ಆ ಹೊಮ್ಮುವಿಕೆಯ ಅಳತೆ ಡೈವರ್ಜೆನ್ಸ್. ತೇಲಿಬಿಟ್ಟ ಒಣಗಿದೆಲೆ ಹರಿಯುತ್ತಲೇ ತನ್ನಷ್ಟಕ್ಕೆ ಗಿರಗಿರನೆ ತಿರುಗಿದರೆ ಅಲ್ಲಿ ಕರ್ಲ್ ಇದೆ. ಇಷ್ಟನ್ನು ಹೇಳದೆ ನೇರವಾಗಿ ಬೋರ್ಡಿನ ಮೇಲೆ ಸೂತ್ರ ಬರೆದರೆ ಹುಡುಗರು ಬಾಯಿಪಾಠ ಮಾಡದೆ ಇನ್ನೇನು ಮಾಡಿಯಾರು?

ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಮೀಕರಣಗಳು 20 ಇದ್ದವು. ಅವನ್ನು ಇಂದಿನ ನಾಲ್ಕಕ್ಕೆ ಇಳಿಸಿದವರಲ್ಲಿ ಮುಖ್ಯನಾದ ಹೆವಿಸೈಡ್ ಕಾಲೇಜಿನ ಮೆಟ್ಟಿಲನ್ನೇ ಹತ್ತಿದವನಲ್ಲ ಎಂಬುದು ಪರೀಕ್ಷೆಗೆ ಹೆದರುವವರಿಗೆ ಸಮಾಧಾನ ತರಬಹುದು.

ಈ ಗಣಿತವನ್ನು ಬೆಂಗಳೂರಿನಲ್ಲಿ ಬೇರೂರಿಸಿದವರಲ್ಲಿ ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಒಬ್ಬರು. ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ, ಎಂ.ಎಸ್ಸಿ.ವರೆಗೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುವುದುಂಟು. ಆದರೆ ಅವರು ಆ ಕ್ಷೇತ್ರಕ್ಕೆ ಬಂದದ್ದು ಗಣಿತದ ಬಾಗಿಲಿನಿಂದ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾಕ್ಟರೇಟ್ ಮುಗಿಸಿ 1953ರಲ್ಲಿ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಜಾಲಹಳ್ಳಿಯ ಕಾರ್ಖಾನೆ ಹುಟ್ಟಿದ್ದು ಅದರ ಮರುವರ್ಷ. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾಗುವವರೆಗೂ ವಿದ್ಯುತ್ಕಾಂತೀಯ ಸಿದ್ಧಾಂತ, ಆಂಟೆನಾ, ಮೈಕ್ರೋವೇವ್ ತಂತ್ರಜ್ಞಾನವೇ ಅವರ ಬದುಕಾಯಿತು. 2010ರಲ್ಲಿ ತೀರಿಕೊಂಡರು.

ಗಣಿತ ಬಲ್ಲವರಿಗೆ ಅಲ್ಲಿ ಏನು ಕೆಲಸ? ರೇಡಾರಿನಲ್ಲಿ ಆಂಟೆನಾಕ್ಕೆ ಅಲೆಯನ್ನು ಒಯ್ಯುವ ವೇವ್‌ಗೈಡ್ ನೋಡಿ. ಅದೊಂದು ಚೌಕಟ್ಟಾದ ಟೊಳ್ಳು ಲೋಹದ ಕೊಳವೆ. ಒಳಗೆ ತಂತಿಯಿಲ್ಲ. ತಂತಿಯಿಲ್ಲದೆ ವಿದ್ಯುತ್ ಅಲೆ ಹೋಗುವುದು ಹೇಗೆಂದು ಅನುಭವಸ್ಥ ಮೆಕ್ಯಾನಿಕ್ ಕೂಡ ಬೆರಗಾಗುತ್ತಾನೆ. ಲಾರ್ಡ್ ರ್‍ಯಾಲೆ ಇದನ್ನು 1897ರಲ್ಲೇ ಕಾಗದದ ಮೇಲೆ ಬಿಡಿಸಿ ತೋರಿಸಿದ್ದ. ರೇಡಿಯೋ ಎಂಜಿನಿಯರುಗಳು ಅದನ್ನು ಕೈಗೆತ್ತಿಕೊಂಡದ್ದು 1930ರ ದಶಕದಲ್ಲಿ.

ಲೋಹದ ಗೋಡೆಗೆ ತಾಗಿದಲ್ಲಿ, ಗೋಡೆಯುದ್ದಕ್ಕೆ ಇರುವ ವಿದ್ಯುತ್ ಕ್ಷೇತ್ರ ಸೊನ್ನೆಯಾಗಲೇಬೇಕು. ವೀಣೆಯ ತಂತಿ ಎರಡು ತುದಿಗಳಲ್ಲಿ ಅಲುಗದೆ ನಡುವೆ ಕಂಪಿಸುವಂತೆಯೇ ಇದು. ಹಾಗಾಗಿ ಕೊಳವೆಯ ಅಗಲದಲ್ಲಿ ಕಡೇಪಕ್ಷ ಅರ್ಧ ಅಲೆ ಹಿಡಿಸಬೇಕು. ಹಿಡಿಸದ ಅಲೆ ಮುಂದೆ ಸಾಗದೆ ಬಾಯಲ್ಲೇ ನಂದಿಹೋಗುತ್ತದೆ. ಸೆಕೆಂಡಿಗೆ 1000 ಕೋಟಿ ಬಾರಿ ಕಂಪಿಸುವ ರೇಡಾರ್ ಅಲೆಯ ಉದ್ದ 3 ಸೆಂ.ಮೀ. ಅದಕ್ಕೆ ಒಂದೂವರೆ ಸೆಂ.ಮೀ.ಗಿಂತ ತುಸು ಹೆಚ್ಚು ಅಗಲವಿದ್ದರೆ ಸಾಕು. ಬಳಕೆಯಲ್ಲಿರುವ ಕೊಳವೆಯ ಒಳ ಅಗಲ 2.286 ಸೆಂ.ಮೀ. ಮನೆಯ ದೀಪ ಉರಿಸುವ 50 ಕಂಪನದ ಕರೆಂಟನ್ನು ಹೀಗೆಯೇ ಸಾಗಿಸುತ್ತೇನೆಂದು ಯಾರಾದರೂ ಹೊರಟರೆ 3000 ಕಿ.ಮೀ. ಅಗಲದ ಕೊಳವೆ ಬೇಕಾದೀತು. ಹೆಚ್ಚುಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು!