ಈಸ್-ಆರ್ ಭೂತಕ್ಕೆ ಕನ್ನಡವೇ ಮದ್ದು
(ಕಡಗಂಚಿಯಲ್ಲಿ ಯುವಜನರ ಮುಂದೆ ಆಡಿದ ಮಾತುಗಳು)



2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ಕಡಗಂಚಿಯಲ್ಲಿದೆ. ಕೇಂದ್ರೀಯ ವಿ.ವಿ.ಗಳ ಪದವಿ ಪ್ರವೇಶಕ್ಕೆ 2022ರಲ್ಲಿ ಬಂದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸಿದರು. 2023ರಲ್ಲಿ ಕೇಂದ್ರ ನೌಕರಿಯ ಎಂಟಿಎಸ್ ಪರೀಕ್ಷೆಗೂ ಕನ್ನಡ ಬಂತು. ಸಂತೋಷ. ಆದರೆ ಅದೇ ಎಂಟಿಎಸ್‌ನಲ್ಲಿ ಇಂಗ್ಲಿಷಿನ 25 ಪ್ರಶ್ನೆ, 75 ಅಂಕ ಹಾಗೆಯೇ ಉಳಿದವು. ತಪ್ಪು ಉತ್ತರಕ್ಕೆ ಒಂದು ಅಂಕ ಖೋತಾ. ಲೆಕ್ಕ, ತರ್ಕ ಎಲ್ಲವನ್ನೂ ಕನ್ನಡದಲ್ಲಿ ಗೆದ್ದ ಹುಡುಗ 'ಈಸ್' ಹಾಕಲೋ 'ಆರ್' ಹಾಕಲೋ ಎಂದು ಬೆವರುತ್ತಾನೆ. ನೌಕರಿ ಹೋಗುವುದು ಅಲ್ಲೇ.

ಅವನು ದಡ್ಡನೇ? ಅಲ್ಲ. ಕರ್ತೃವಿಗೆ ತಕ್ಕ ಕ್ರಿಯಾಪದ ಹಾಕುವುದು ಅವನಿಗೆ ತಾಯಿ ಕಲಿಸಿದ ವಿದ್ಯೆ. ಬಂದನು, ಬಂದಳು, ಬಂದಿತು, ಬಂದರು ಎನ್ನುವಲ್ಲಿ ಅವನು ತಪ್ಪುವುದಿಲ್ಲ. ಇಂಗ್ಲಿಷಿಗೆ ಇಷ್ಟಕ್ಕೂ ಒಂದೇ 'ಕೇಮ್'! (ಇದೇ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೇ ಶತಮಾನಕ್ಕೇ ಕವಿರಾಜಮಾರ್ಗ ಕನ್ನಡದ ತಪ್ಪು-ಒಪ್ಪುಗಳ ವಿಚಾರ ಮಾಡಿತ್ತು. ವ್ಯಾಕರಣ ನಮಗೆ ಹೊಸದಲ್ಲ.)

ಒಂದು ಪ್ರಶ್ನೆ ನೋಡಿ. 'ದಿ ಲಿಸ್ಟ್ ಆಫ್ ಬುಕ್ಸ್' ಎಂದ ಮೇಲೆ ಈಸ್ ಬರಬೇಕೋ, ಆರ್ ಬರಬೇಕೋ? ಕಿವಿಗೆ ಕೊನೆಗೆ ಬಿದ್ದದ್ದು 'ಬುಕ್ಸ್', ಕೈ 'ಆರ್'ನತ್ತ ಓಡುತ್ತದೆ. ತಡೆಯಿರಿ. ಅದನ್ನೇ ಕನ್ನಡದಲ್ಲಿ ಹೇಳಿ: 'ಪುಸ್ತಕಗಳ ಪಟ್ಟಿ ಮೇಜಿನ ಮೇಲಿದೆ.' 'ಪಟ್ಟಿ ಇವೆ' ಎಂದು ಯಾರಾದರೂ ಅನ್ನುತ್ತಾರೆಯೇ? ನಮ್ಮಲ್ಲಿ ಮುಖ್ಯ ಪದ ಕೊನೆಗೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಮೊದಲೇ ಬಂದು ಅಡಗಿರುತ್ತದೆ. ಉತ್ತರ 'ಈಸ್'. 'ಈಚ್ ಆಫ್ ದಿ ಬಾಯ್ಸ್' ಕೂಡ ಹೀಗೆಯೇ. 'ಹುಡುಗರಲ್ಲಿ ಪ್ರತಿಯೊಬ್ಬನೂ ಬಂದಿದ್ದಾನೆ' ಅನ್ನುತ್ತೇವಲ್ಲ, ಅಲ್ಲಿಯೂ ಏಕವಚನ.

ಕನ್ನಡ ಎಡವಿಸುವ ಜಾಗವೂ ಒಂದಿದೆ, ಮುಚ್ಚಿಡುವುದಿಲ್ಲ. ಆಡುಮಾತಿನಲ್ಲಿ ನಾವು 'ಹತ್ತು ಪುಸ್ತಕ ಇದೆ' ಅನ್ನುತ್ತೇವೆ. ಎಣಿಕೆ ಹೇಳಿದ ಮೇಲೆ 'ಗಳು' ಯಾಕೆ ಎಂಬುದು ನಮ್ಮ ನುಡಿಯ ಜಾಣತನ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ಅಲ್ಲಿ 'ಬುಕ್ಸ್' ಆಗಲೇಬೇಕು, 'ಆರ್' ಬರಲೇಬೇಕು.

ಪದದ ಆಯ್ಕೆಯಲ್ಲೂ ಅಷ್ಟೇ. ಸಾಲ ತೆಗೆದುಕೊಂಡರೆ 'ಬಾರೋ', ಕೊಟ್ಟರೆ 'ಲೆಂಡ್'. ಸಾಲ ಗೊತ್ತಿಲ್ಲದ ರೈತನ ಮಗ ಈ ನಾಡಿನಲ್ಲಿ ಯಾರಿದ್ದಾನೆ? ಹೀಗೆ ಒಂದೇ ಸಾಲಿನಲ್ಲಿ ಹೇಳಿಕೊಟ್ಟರೆ ಸಾಯುವವರೆಗೂ ಮರೆಯುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಮೇಷ್ಟರುಗಳಿಗೆ ಇದು ಯಾವಾಗ ತಿಳಿಯುತ್ತದೋ!

ಪಟ್ಟಣದ ತರುಣರೇ, ಘೋಷಣೆ ಕೂಗಿದ್ದೀರಿ, ಕೂಗುತ್ತಲೇ ಇರಿ. ಇಂಗ್ಲಿಷಿನ ಈ 75 ಅಂಕಕ್ಕೆ ಸಮನಾಗಿ ಕನ್ನಡದ ಪತ್ರಿಕೆಯನ್ನೂ ಇಡಿ ಎಂದು ಕೇಳೋಣ. ಆದರೆ ಮುಂದಿನ ಪರೀಕ್ಷೆ ಅಲ್ಲಿಯವರೆಗೆ ಕಾಯುವುದಿಲ್ಲ. ಭಾನುವಾರ ಎರಡು ತಾಸು ಬಿಡುವು ಮಾಡಿಕೊಂಡು, ಹಳ್ಳಿಯಿಂದ ಬಂದು ನಿಮ್ಮ ಓಣಿಯಲ್ಲಿ ರೂಮು ಮಾಡಿಕೊಂಡಿರುವ ಹುಡುಗರನ್ನು ಕೂರಿಸಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆ ತೆಗೆಯಿರಿ. ಪ್ರತಿ ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಉತ್ತರಕ್ಕೆ ಗುರುತು ಹಾಕಿಸಿ.