ಹಸಿರುಮನೆಯ ದೊಣ್ಣೆಮೆಣಸಿನಕಾಯಿಗೆ ಹನಿ ನೀರಿನೊಡನೆ ಗೊಬ್ಬರ
(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಾವು ದೊಣ್ಣೆಮೆಣಸಿನಕಾಯಿ ಎನ್ನುವ ತರಕಾರಿಗೆ ಇಲ್ಲಿಯ ಮಂಡಿಯಲ್ಲಿ ಢೋಬಳಿ ಮಿರಚಿ ಎಂದು ಹೆಸರು. ದೆಹಲಿಯಲ್ಲಿ ಅದು ಶಿಮ್ಲಾ ಮಿರ್ಚ್, ಚೆನ್ನೈಯಲ್ಲಿ ಕುಡೈಮಿಳಗಾಯ್. ಹಸಿರು ಕಾಯಿಯನ್ನು ಬಯಲಿನಲ್ಲಿಯೂ ಬೆಳೆಯಬಹುದು. ಕೆಂಪು, ಹಳದಿ ಕಾಯಿಗಳನ್ನಾದರೋ ಬಣ್ಣ ತಿರುಗುವವರೆಗೆ ಗಿಡದಲ್ಲಿಯೇ ಬಿಡಬೇಕು. ಅಷ್ಟು ಕಾಲ ಬಿಸಿಲು, ಮಳೆ, ಕೀಟಗಳಿಂದ ಅವನ್ನು ಕಾಪಾಡುವುದಕ್ಕೆ ಹಸಿರುಮನೆ ಬೇಕಾಗುತ್ತದೆ.

ತಮ್ಮಲ್ಲಿ ಅನೇಕರು ವೃತ್ತಿಯ ನಿಮಿತ್ತ ಇಲ್ಲಿ ನೆಲೆಸಿದ್ದರೂ ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಜಮೀನು ಉಳಿಸಿಕೊಂಡವರು. ಊರಿನಲ್ಲಿರುವ ಸಹೋದರರೊಡನೆ ಕೂಡಿ, ಬ್ಯಾಂಕಿನ ಸಾಲ ಹಾಗೂ ಸರ್ಕಾರದ ಸಹಾಯಧನದಿಂದ ಹಸಿರುಮನೆ ಕಟ್ಟಿಸುವ ಆಲೋಚನೆಯೂ ಕೆಲವರಿಗಿದೆ. ಇಂಥವರು ಕಂಬ, ಹಾಳೆ, ಪರದೆಗಳ ಬೆಲೆಯನ್ನು ತಪ್ಪದೆ ವಿಚಾರಿಸುತ್ತಾರೆ. ಒಳಗಿನ ಮಣ್ಣು ಎರಡು ಮೂರು ವರ್ಷಗಳಲ್ಲಿ ಏನಾಗುವುದೆಂದು ವಿಚಾರಿಸುವವರು ವಿರಳ. ಆದರೆ ಸಾಲದ ಕಂತು ತೀರುವುದು ಆ ಮಣ್ಣಿನಿಂದಲೇ.

ನೀರಿನಲ್ಲಿ ಕರಗುವ ಗೊಬ್ಬರವನ್ನು ಹನಿ ನೀರಾವರಿಯ ಕೊಳವೆಯ ಮೂಲಕ ಬೇರಿನ ಬಳಿಗೆ ತಲುಪಿಸುವ ಪದ್ಧತಿಗೆ ಕನ್ನಡದಲ್ಲಿ ‘ರಸಾವರಿ’ ಎಂಬ ಹೆಸರು ಬಳಕೆಗೆ ಬಂದಿದೆ. ಅನುವಾದದ ಮೇಜಿನ ಮೇಲೆ ಹುಟ್ಟುವ ಪದಗಳೆಲ್ಲವೂ ಹೊಲದವರೆಗೆ ನಡೆಯಲಾರವು, ಇದು ನಡೆದಿದೆ. ಮಡಿಯಲ್ಲಿ ಎರಡು ಸಾಲು ಗಿಡ, ಸುಮಾರು ಒಂದು ಅಡಿಗೊಂದು ಹನಿರಂಧ್ರ, ಪಂಪಿನ ಬಳಿ ಗೊಬ್ಬರದ ದ್ರಾವಣವನ್ನು ಎಳೆದುಕೊಳ್ಳುವ ವೆಂಚುರಿ ಎಂಬ ಸಣ್ಣ ಉಪಕರಣ: ಏರ್ಪಾಡು ಇಷ್ಟೆ. ಬಯಲಿನಲ್ಲಿ ಎರಚಿದ ಗೊಬ್ಬರದಂತೆ ಇಲ್ಲಿ ಬಹುಭಾಗ ವ್ಯರ್ಥವಾಗುವುದಿಲ್ಲ.

ತೊಡಕು ಇರುವುದೂ ಇಲ್ಲಿಯೇ. ಬಯಲಿನ ಹೊಲದಲ್ಲಿ ಗೊಬ್ಬರ ಹೆಚ್ಚಾದರೆ ಮುಂಗಾರು ಮಳೆಯು ಉಪ್ಪಿನಂಶವನ್ನು ಬೇರಿನಿಂದ ಕೆಳಕ್ಕೆ ತೊಳೆಯುತ್ತದೆ. ಹಸಿರುಮನೆಯೊಳಗೆ ಮಳೆ ಬೀಳುವುದಿಲ್ಲ. ಗಿಡವು ಹೀರದೆ ಬಿಟ್ಟುದೆಲ್ಲ ಮಡಿಯಲ್ಲಿಯೇ ಉಳಿಯುತ್ತದೆ. ಹತ್ತು ಗುಂಟೆಯ, ಎಂದರೆ ಸುಮಾರು 1000 ಚದರ ಮೀಟರಿನ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಚದರ ಮೀಟರಿಗೆ ದಿನಕ್ಕೆ 3 ಲೀಟರಿನಂತೆ 3000 ಲೀಟರು ನೀರು ಕೊಡುತ್ತೇವೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಮಾನಕ್ಕೆ ವಿದ್ಯುತ್ ವಾಹಕತೆ ಅಥವಾ ಇ.ಸಿ. ಎನ್ನುತ್ತಾರೆ; ರೈತರ ಮಾತಿನಲ್ಲಿ ಹೇಳುವುದಾದರೆ ಉಪ್ಪಿನ ಅಳತೆ. ಒಂದು ಡೆಸಿಸೀಮೆನ್ಸ್ ಎಂದರೆ ಲೀಟರಿಗೆ ಸ್ಥೂಲವಾಗಿ 640 ಮಿಲಿಗ್ರಾಂ ಲವಣ. ಗೊಬ್ಬರ ಬೆರೆತ ನೀರು 1.5 ತೋರಿಸಿದರೆ ದಿನವೊಂದಕ್ಕೆ ಮಡಿಗಳಿಗೆ ಇಳಿಯುವ ಲವಣ ಹತ್ತಿರ ಹತ್ತಿರ 3 ಕಿಲೋ. ಗಿಡವು ಉಂಡುದನ್ನು ಕಳೆದರೂ, ಎಂಟು ಹತ್ತು ತಿಂಗಳ ಬೆಳೆಯಲ್ಲಿ ಉಳಿಕೆ ಅಲ್ಪವೇನಲ್ಲ. ದೊಣ್ಣೆಮೆಣಸಿನ ಗಿಡವಾದರೋ ಉಪ್ಪನ್ನು ಸಹಿಸುವ ಜಾತಿಯದಲ್ಲ. ನೀರಿನಿಂದ ಪೂರ್ತಿ ತೋಯಿಸಿದ ಮಣ್ಣಿನಿಂದ ತೆಗೆದ ದ್ರಾವಣದ ಇ.ಸಿ. 1.5 ಅನ್ನು ಮೀರಿದರೆ, ಮುಂದಿನ ಪ್ರತಿಯೊಂದು ಏಕಮಾನಕ್ಕೆ ಇಳುವರಿ ಸುಮಾರು ಶೇಕಡಾ 14ರಷ್ಟು ಕುಗ್ಗುತ್ತದೆಂದು ಕೃಷಿ ವಿಜ್ಞಾನದ ಕೋಷ್ಟಕಗಳು ತಿಳಿಸುತ್ತವೆ.

ಇದರ ಮೊದಲ ಸೂಚನೆ ಅನೇಕ ವೇಳೆ ಕಾಯಿಯ ತುದಿಯಲ್ಲಿ ಕಾಣುತ್ತದೆ. ತುದಿಯ ಭಾಗ ಮೆತ್ತಗಾಗಿ, ಕಂದಿ, ಒಣಗಿದ ಚರ್ಮದಂತಾಗುತ್ತದೆ. ಇದು ಸುಣ್ಣದ, ಎಂದರೆ ಕ್ಯಾಲ್ಸಿಯಂನ ಕೊರತೆ ಎಂಬುದು ನಿಜ. ಆದರೆ ಕೊರತೆ ಕಾಯಿಯಲ್ಲಿ, ಮಣ್ಣಿನಲ್ಲಿ ಅಲ್ಲದಿರಬಹುದು. ಕ್ಯಾಲ್ಸಿಯಂ ನೀರಿನ ಸೆಳೆತದೊಡನೆ ಸಾಗುವ ವಸ್ತು. ಎಲೆಗಳು ಹೆಚ್ಚು ನೀರನ್ನು ಆವಿ ಮಾಡುವುದರಿಂದ ಅದು ಎಲೆಗಳತ್ತ ಹರಿಯುತ್ತದೆ, ಕಾಯಿಗೆ ಸ್ವಲ್ಪವೇ ಸಿಗುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಿ ಬೇರಿಗೆ ನೀರೆಳೆಯುವುದು ಕಷ್ಟವಾದರೆ ಆ ಸ್ವಲ್ಪವೂ ತಪ್ಪುತ್ತದೆ. ಅಮೋನಿಯಂ ರೂಪದ ಸಾರಜನಕ ಮತ್ತು ಪೊಟ್ಯಾಷಿಯಂ ಅತಿಯಾದರೂ ಇದೇ ಫಲ. ಕಾರಣವನ್ನು ತಿಳಿಯದೆ ಕ್ಯಾಲ್ಸಿಯಂ ನೈಟ್ರೇಟಿನ ಪ್ರಮಾಣವನ್ನು ಇಮ್ಮಡಿಗೊಳಿಸುವುದು ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಮೊದಲು ನೋಡಬೇಕಾದುದು ನೀರು ದಿನವೂ ಸಮವಾಗಿ ಬರುತ್ತಿದೆಯೆ, ಹನಿರಂಧ್ರಗಳು ಕಟ್ಟಿವೆಯೆ ಎಂಬುದನ್ನು.

ರಂಧ್ರಗಳು ಕಟ್ಟುವುದಕ್ಕೆ ಬಹಳಷ್ಟು ಸಲ ತೊಟ್ಟಿಯೇ ಕಾರಣ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಅಥವಾ ಸಲ್ಫೇಟಿನ ಗೊಬ್ಬರದೊಡನೆ ಒಂದೇ ತೊಟ್ಟಿಯಲ್ಲಿ ಗಟ್ಟಿಯಾಗಿ ಕಲಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಜಿಪ್ಸಂ ಬಿಳಿಯ ಗಸಿಯಾಗಿ ತಳ ಸೇರುತ್ತದೆ. ಆದ್ದರಿಂದ ಎರಡು ತೊಟ್ಟಿಗಳು ಬೇಕು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್. ಇನ್ನೊಂದರಲ್ಲಿ 19:19:19, 12:61:0 ಅಥವಾ ಮೆಗ್ನೀಷಿಯಂ ಸಲ್ಫೇಟ್. 13:0:45 ಎಂಬ ಪೊಟ್ಯಾಷಿಯಂ ನೈಟ್ರೇಟ್ ಎರಡರೊಡನೆಯೂ ಹೊಂದಿಕೊಳ್ಳುತ್ತದೆ. ಎರಡು ತೊಟ್ಟಿಗಳಿಗೆ ಅನುಕೂಲವಿಲ್ಲದವರು ದಿನ ಬಿಟ್ಟು ದಿನ ಒಂದೊಂದನ್ನು ಕೊಡಬಹುದು. ಮೊದಲು ಬರಿಯ ನೀರು, ಅನಂತರ ಗೊಬ್ಬರದ ನೀರು, ಕೊನೆಗೆ ಕೊಳವೆ ತೊಳೆಯುವಷ್ಟು ಮತ್ತೆ ಬರಿಯ ನೀರು ಎಂಬ ಕ್ರಮವನ್ನು ಬಿಡಬಾರದು. ಸುಣ್ಣ ಕಟ್ಟಿದ ಕೊಳವೆಗೆ ಆಮ್ಲ ಹಾಯಿಸುವಾಗ ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಲೇಬಾರದು.

ಯಾವ ಗೊಬ್ಬರ ಎಷ್ಟು ಎಂಬ ಪಟ್ಟಿಯನ್ನು ಇಲ್ಲಿ ಓದಲು ನಾನು ಇಚ್ಛಿಸುವುದಿಲ್ಲ. ಪಟ್ಟಿಗಳು ಯಥೇಚ್ಛವಾಗಿವೆ, ಅಂಗಡಿಯಲ್ಲಿಯೂ ಕೊಡುತ್ತಾರೆ. ಕೊಳವೆಬಾವಿಯ ನೀರೇ 1 ತೋರಿಸುವ ಊರಿಗೂ 0.3 ತೋರಿಸುವ ಊರಿಗೂ ಪಟ್ಟಿ ಒಂದೇ ಆಗಿರಲಾರದು. ಕಟ್ಟಡಕ್ಕೆ ಮುಂಗಡ ಕೊಡುವ ಮೊದಲೇ ನೀರು ಮತ್ತು ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದಕ್ಕೆ ಮಾರ್ಗದರ್ಶನ ದೊರೆಯುತ್ತದೆ. ಕೈಯಲ್ಲಿ ಹಿಡಿಯುವ ಇ.ಸಿ. ಮಾಪಕದ ಬೆಲೆ ಹಸಿರುಮನೆಯ ವೆಚ್ಚದ ಮುಂದೆ ನಗಣ್ಯ.

ಉಪ್ಪು ಏರಿದೆಯೆಂದು ಕಂಡುಬಂದರೆ ಗೊಬ್ಬರವನ್ನು ಕಡಿಮೆ ಮಾಡಿ, ಅಗತ್ಯಕ್ಕಿಂತ ತುಸು ಹೆಚ್ಚಾಗಿ ಬರಿಯ ನೀರನ್ನು ಹಾಯಿಸಿ ಮಡಿಯನ್ನು ತೊಳೆಯಬೇಕು. ಆದರೆ ತೊಳೆಯುವ ನೀರೇ ಉಪ್ಪಾಗಿದ್ದರೆ? ಇದಕ್ಕೆ ಉತ್ತರ ಚಾವಣಿಯ ಮೇಲಿದೆ. ವರ್ಷಕ್ಕೆ 600 ಮಿಲಿಮೀಟರು ಮಳೆಯಾಗುವ ಕಡೆ 1000 ಚದರ ಮೀಟರಿನ ಚಾವಣಿಯ ಮೇಲೆ 6 ಲಕ್ಷ ಲೀಟರು ನೀರು ಬೀಳುತ್ತದೆ. ದೋಣಿಗಳ ಮೂಲಕ ಅದರ ಅರ್ಧವನ್ನು ಹಾಳೆ ಹಾಸಿದ ಹೊಂಡಕ್ಕೆ ಇಳಿಸಿ, ಆವಿಯಾಗದಂತೆ ಮೇಲೆ ಮುಚ್ಚಿಟ್ಟರೆ, ಮೇಲೆ ಹೇಳಿದ ಲೆಕ್ಕದಲ್ಲಿ ನೂರು ದಿನಗಳ ನೀರಾಯಿತು. ಉಪ್ಪಿಲ್ಲದ ಈ ನೀರನ್ನು ಕೊಳವೆಬಾವಿಯ ನೀರಿನೊಡನೆ ಬೆರೆಸಿಯೂ ಬಳಸಬಹುದು. ಹೊಂಡಕ್ಕೆ ಬೇಕಾದ ಸ್ಥಳವನ್ನು ಹಸಿರುಮನೆಯ ನಕ್ಷೆ ಬರೆಯಿಸುವಾಗಲೇ ಬಿಡಿಸಿಕೊಳ್ಳಬೇಕು. ಕಂಬ ನೆಟ್ಟ ಮೇಲೆ ಇಳಿಜಾರಿನ ಕಡೆ ಜಾಗ ಸಿಗುವುದು ಕಷ್ಟ.