ಗ್ರಾಮಫೋನಿನ ತೋಳು

ಗ್ರಾಮಫೋನಿನ ಸ್ವರ ಕರ್ಕಶವಾದಾಗ ನಾವು ಮೊದಲು ದೂರುವುದು ರಿಕಾರ್ಡನ್ನು, ಆಮೇಲೆ ಮುಳ್ಳನ್ನು. ಮುಳ್ಳನ್ನು ಹೊತ್ತು ನಡೆಯುವ ತೋಳಿನ ಕಡೆಗೆ ನಮ್ಮ ದೃಷ್ಟಿ ಹೋಗುವುದು ಅಪರೂಪ. ಆದರೆ ಅನೇಕ ವೇಳೆ ದೋಷವಿರುವುದು ಅಲ್ಲಿಯೇ.

ಮೂಲ ರಿಕಾರ್ಡನ್ನು ಕೊರೆಯುವ ಉಳಿಯು ಅಂಚಿನಿಂದ ನಡುವಿನ ಕಡೆಗೆ ನೇರವಾಗಿ ಸರಿಯುತ್ತದೆ. ನುಡಿಸುವ ತೋಳಾದರೋ ಒಂದು ಕೊನೆಯಲ್ಲಿ ಕೀಲಿಗೆ ಸಿಕ್ಕಿ, ಬಾಗಿಲಿನ ಹಾಗೆ ತಿರುಗುತ್ತದೆ. ನೇರದಲ್ಲಿ ಕೊರೆದುದನ್ನು ಕಮಾನಿನಲ್ಲಿ ಓದಹೊರಟರೆ ಮುಳ್ಳು ಗೆರೆಗೆ ಓರೆಯಾಗದೆ ವಿಧಿಯಿಲ್ಲ. ಓರೆಯಾದಷ್ಟೂ ಸ್ವರ ಕೆಡುವುದು, ಗೆರೆ ಸವೆಯುವುದು. ಹಿಂದಿನ ಯಂತ್ರಗಳಲ್ಲಿ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಮೀರಿದ ಭಾರ ಬೀಳುತ್ತಿದ್ದಿತು. ಮತ್ತೆ ದೊರೆಯದ ಹಾಡುಗಳು ಎಷ್ಟು ಹೀಗೆ ತೇಯ್ದುಹೋದವೋ!

1924ರಲ್ಲಿ ಪರ್ಸಿ ವಿಲ್ಸನ್ನರು ಲಂಡನ್ನಿನ ‘ದಿ ಗ್ರಾಮಫೋನ್’ ಪತ್ರಿಕೆಯಲ್ಲಿ ಈ ದೋಷವನ್ನು ಲೆಕ್ಕ ಹಾಕಿ ತೋರಿಸಿದರು. ಅವರು ಕಾರ್ಖಾನೆಯವರಲ್ಲ, ಸರ್ಕಾರಿ ನೌಕರರು. ಪರಿಹಾರ ಸರಳವಾದುದೇ: ತೋಳಿನ ತಲೆಯನ್ನು ಒಳಮುಖವಾಗಿ ತುಸು ಬಗ್ಗಿಸಿ, ಮುಳ್ಳಿನ ತುದಿಯು ನಡುಗೂಟವನ್ನು ಸ್ವಲ್ಪ ದಾಟುವಂತೆ ಮಾಡಬೇಕು. 1941ರಲ್ಲಿ ಬೇರ್‌ವಾಲ್ಡರು ಈ ಗಣಿತವನ್ನು ಇನ್ನೂ ತಿದ್ದಿದರು. ಒಂಬತ್ತು ಅಂಗುಲದ ತೋಳಿನಲ್ಲಿ ಓರೆಯು ಎರಡು ಡಿಗ್ರಿಯ ಆಸುಪಾಸಿಗೆ ಇಳಿದು, ಎರಡು ಕಡೆ ಸೊನ್ನೆಯೇ ಆಗುತ್ತದೆ. ಆದರೆ ಔಷಧವೇ ಹೊಸ ರೋಗ ತಂದಿತು. ತಲೆ ಬಗ್ಗಿದುದರಿಂದ, ರಿಕಾರ್ಡು ಮುಳ್ಳನ್ನು ಉಜ್ಜಿ ಎಳೆಯುವಾಗ ತೋಳು ಒಳಗಡೆಗೆ ಜಾರಲೆಳಸುತ್ತದೆ.

1948ರಲ್ಲಿ ದೀರ್ಘಕಾಲ ನುಡಿಯುವ ಸೂಕ್ಷ್ಮ ಗೆರೆಯ ರಿಕಾರ್ಡು ಬಂದಮೇಲೆ ಇಂಥ ಸಣ್ಣ ತಪ್ಪುಗಳೂ ದೊಡ್ಡವಾದುವು. ಇಂಗ್ಲೆಂಡಿನ ಎಸ್.ಎಂ.ಇ. ಕಂಪೆನಿಯ ರಾಬರ್ಟ್‌ಸನ್-ಐಕ್‌ಮನ್ನರು 1959ರಲ್ಲಿ ತಮ್ಮ ಉಪಯೋಗಕ್ಕೆಂದೇ ಒಂದು ತೋಳನ್ನು ಮಾಡಿಕೊಂಡರು, ಅದನ್ನೇ ಮಾರಲಾರಂಭಿಸಿದರು. ಅತೃಪ್ತ ಗಿರಾಕಿಯೇ ತಯಾರಕನಾದರೆ ಕೆಲಸ ಹೇಗಾಗುತ್ತದೆಂಬುದಕ್ಕೆ ಆ ತೋಳು ಸಾಕ್ಷಿ. ಒಳಜಾರನ್ನು ತಡೆಯಲು ನೂಲಿನಲ್ಲಿ ತೂಗುವ ಪುಟ್ಟ ಬಟ್ಟು, ಎತ್ತರ ತಿದ್ದಲು ಏರಿಳಿಸುವ ಕಂಬ, ಕಳಚಬಹುದಾದ ತಲೆ, ಎಲ್ಲವೂ ಬಂದವು. ಕಳಚುವ ತಲೆಯ ಜೋಡಣೆಯು ತೂಕ ಹೆಚ್ಚಿಸುತ್ತದೆಂದು ಕಂಡಮೇಲೆ ತಲೆಯನ್ನು ಕೂಡಿಸಿಯೇ ಬಿಟ್ಟ ಮಾದರಿಯನ್ನೂ ಅವರೇ ಮಾರಿದರು.

ರೆಗಾ ಕಂಪೆನಿಯ ದಾರಿ ಬೇರೆ. ಅವರ 1983ರ ಆರ್‌ಬಿ 300 ಒಂದೇ ಎರಕದ ಅಲ್ಯೂಮಿನಿಯಂ ತೋಳು. ಬಲು ಗಟ್ಟಿ, ಬೆಲೆಯೂ ಮಿತ. ಆದರೆ ಎತ್ತರವನ್ನು ತಿದ್ದುವ ತಿರುಪು ಅದಕ್ಕಿಲ್ಲ. ಗಿರಾಕಿಗಳು ಬೇಡಿದರು, ಕೀಲು ಹೆಚ್ಚಿದಷ್ಟೂ ಬಿಗಿ ತಗ್ಗುವುದೆಂದು ಕಂಪೆನಿ ಒಪ್ಪಲಿಲ್ಲ, ಬುಡಕ್ಕಿಡುವ ಬಿಲ್ಲೆಗಳನ್ನು ಮಾತ್ರ ಒದಗಿಸಿತು. ತಿದ್ದುವ ತಿರುಪನ್ನು ಬೇರೆಯವರು ಮಾಡಿ ಮಾರಿದರು. ಕಂಪೆನಿಯ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ದಪ್ಪನೆಯ ಕಾರ್ಟ್ರಿಜ್ಜನ್ನು ಕೊಂಡವನಿಗೆ ಬಿಗಿಯ ಉಪದೇಶಕ್ಕಿಂತ ಬಿಲ್ಲೆಯೇ ಮೇಲೆಂದು ನಮಗೆ ತೋರುತ್ತದೆ.

ಎಸ್.ಎಂ.ಇ. ಕಂಪೆನಿಯಾದರೋ, ಇನ್ನು ತೋಳನ್ನು ಬಿಡಿಯಾಗಿ ಮಾರುವುದಿಲ್ಲ, ತಮ್ಮ ಯಂತ್ರಗಳೊಡನೆ ಮಾತ್ರವೇ ಕೊಡುವೆವೆಂದು 2019ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅರುವತ್ತು ವರ್ಷ ಅದೇ ತೋಳನ್ನು ಬಗೆಬಗೆಯ ಯಂತ್ರಗಳಿಗೆ ಹೂಡಿಕೊಂಡವರ ಮುಂದೆ ಅಂದು ಉಳಿದುದು ಹಳೆಯ ಸಾಮಾನಿನ ಅಂಗಡಿ.